ಬತ್ತಿಯಿಂದ ತಂತಿಗೆ

ದೀಪಾವಳಿಯಲ್ಲಿ ಟುಸ್ಸೆಂದ ಪಟಾಕಿಯ ಹತ್ತಿರ ಹೋಗಿ ಬಗ್ಗಿ ನೋಡುವ ಮಕ್ಕಳನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ನನ್ನ ತಮ್ಮ ಚಿಕ್ಕಂದಿನಲ್ಲಿ ಬಾಟಲಿಯೊಳಗೆ ನಿಲ್ಲಿಸಿದ ರಾಕೆಟ್ಟಿನ ಬತ್ತಿ ಆರಿತೆಂದುಕೊಂಡು, ಊದಿನಕಡ್ಡಿ ಹಿಡಿದು ಎರಡನೇ ಸಲ ಹೋಗಿದ್ದ. ಬತ್ತಿ ಆರಿರಲಿಲ್ಲ. ಕಣ್ಣು ಉಳಿದದ್ದು ನಮ್ಮಮ್ಮನ ಪುಣ್ಯ. ಹುಬ್ಬಿನ ಕೆಳಗಿನ ಗಾಯದ ಗುರುತು ಮಾತ್ರ ಅವನ ತಲೆ ನರೆತರೂ ಮಾಸಿಲ್ಲ.

ಅದಕ್ಕೇ ಇರಬೇಕು, ಅಮೆರಿಕದ ಹವ್ಯಾಸಿ ರಾಕೆಟ್ಟುಗಳ ಕಥೆ ಓದುವಾಗ ಅವು ಎಷ್ಟು ಎತ್ತರ ಹಾರಿದವು ಎನ್ನುವುದಕ್ಕಿಂತ, ಬೆಂಕಿ ಕೊಟ್ಟವರು ಎಲ್ಲಿ ನಿಂತಿದ್ದರು ಎಂದೇ ನಾನು ಹುಡುಕುತ್ತೇನೆ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಕೊಳವೆಗೆ ಸತುವಿನ ಪುಡಿ, ಗಂಧಕ ತುಂಬಿ ಹಿತ್ತಲಲ್ಲೇ ಬೆಂಕಿ ಕೊಟ್ಟರು. ಕೈ, ಕಣ್ಣು ಕಳೆದುಕೊಂಡವರುಂಟು. ಜೀವ ಕಳೆದುಕೊಂಡವರೂ ಉಂಟು. ಪಶ್ಚಿಮ ವರ್ಜೀನಿಯಾದ ಗಣಿ ಊರು ಕೋಲ್‌ವುಡ್‌ನ ಹೋಮರ್ ಹಿಕಮ್ ಎಂಬ ಹುಡುಗನ ಮೊದಲ ಪ್ರಯೋಗ, ತಾಯಿಯ ಗುಲಾಬಿ ತೋಟದ ಬೇಲಿಯನ್ನೇ ಹಾರಿಸಿತು. ಮುಂದೆ ಆತ ನಾಸಾದಲ್ಲಿ ಎಂಜಿನಿಯರಾದ, ಬಿಡಿ. ಬೇಲಿ ಹೋಯಿತೆಂದು ಬೈಯುವುದೋ, ಮಗ ಉಳಿದನೆಂದು ಅಪ್ಪಿಕೊಳ್ಳುವುದೋ? ಆ ತಾಯಿಯ ಜಾಗದಲ್ಲಿ ನಾನಿದ್ದರೆ ಎರಡನ್ನೂ ಮಾಡುತ್ತಿದ್ದೆ.

ಸುರಕ್ಷಿತವಾದ ದಾರಿ ತೋರಿಸಿದವನು ಚಪ್ಪಲಿ-ಬೂಟು ಮಾರುವ ಅಂಗಡಿಯವನು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನೆಬ್ರಾಸ್ಕದ ನಾರ್ಫೋಕ್ ಊರಿನ ಆರ್ವಿಲ್ ಕಾರ್ಲೈಲ್, ಅಣ್ಣತಮ್ಮಂದಿರಿಬ್ಬರೂ ಸೇರಿ 1954ರಲ್ಲೇ ಹಗುರವಾದ, ಪ್ಯಾರಾಚೂಟಿನಲ್ಲಿ ಇಳಿಯುವ ಪುಟ್ಟ ರಾಕೆಟ್ ಮಾಡಿದ್ದ. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯ ಎಂಜಿನಿಯರ್ ಹ್ಯಾರಿ ಸ್ಟೈನ್ ಬರೆದ ಲೇಖನ ಓದಿ, 1957ರ ಆರಂಭದಲ್ಲಿ ಅವನಿಗೆ ಕಾಗದ ಬರೆದ. ಅದೇ ವರ್ಷ ಸ್ಟೈನ್ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಕಟ್ಟಿದ. ಮಕ್ಕಳು ಮದ್ದು ಅರೆಯಬಾರದು, ಸಿದ್ಧವಾಗಿ ಬರುವ ಮೋಟಾರನ್ನೇ ಬಳಸಬೇಕು, ದೂರ ನಿಂತು ವಿದ್ಯುತ್ತಿನಿಂದಲೇ ಹೊತ್ತಿಸಬೇಕು ಎಂಬುದು ಈ ಹವ್ಯಾಸದ ಕಟ್ಟಳೆಯಾಯಿತು.

ಏರ್ಪಾಟು ಸರಳ. 1906ರಲ್ಲಿ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ನೈಕ್ರೋಮ್ ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ, ಕರೆಂಟ್ ಒಲೆಯ ಸುರುಳಿಯಲ್ಲಿ ಕಾಯುವ ಲೋಹವೇ. ಅದರ ಕೂದಲೆಳೆಯಂಥ ತಂತಿಯ ತುದಿಗೆ ಬೇಗ ಹೊತ್ತಿಕೊಳ್ಳುವ ಲೇಪ ಹಚ್ಚಿ ಮೋಟಾರಿನ ಬಾಯಿಗೆ ತೂರಿಸುತ್ತಾರೆ. ಅಲ್ಲಿಂದ ಉದ್ದನೆಯ ವೈರು, ಬ್ಯಾಟರಿ, ಒಂದು ಕೀಲಿ, ಒಂದು ಗುಂಡಿ. ಕೀಲಿ ಹಾಕಿದಾಗ ಪುಟ್ಟ ಬಲ್ಬು ಉರಿದರೆ ವೈರು ಎಲ್ಲೂ ಕಡಿದಿಲ್ಲವೆಂದು ಅರ್ಥ. ಬಲ್ಬಿನ ಮೂಲಕ ಹರಿಯುವ ವಿದ್ಯುತ್ತು ತೀರಾ ಕಡಿಮೆ, ಅದರಿಂದ ತಂತಿ ಕಾಯದು. ಗುಂಡಿ ಒತ್ತಿದಾಗ ಮಾತ್ರ ಕೆಂಪಗೆ ಕಾದು ಮದ್ದಿಗೆ ಬೆಂಕಿ ಹತ್ತುತ್ತದೆ. ಬೆರಳು ತೆಗೆದರೆ ಗುಂಡಿ ತಾನಾಗಿಯೇ ಮೇಲೇಳಬೇಕು. ಸಣ್ಣ ಮೋಟಾರಾದರೆ 15 ಅಡಿ, ದೊಡ್ಡದಾದರೆ 30 ಅಡಿ ದೂರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊತ್ತದೇ ಹೋದಾಗಿನ ನಿಯಮ. ಕೀಲಿ ಕಿತ್ತುಕೊಳ್ಳಬೇಕು, ಆಮೇಲೂ 60 ಸೆಕೆಂಡು ಯಾರೂ ಹತ್ತಿರ ಸುಳಿಯಬಾರದು. ಬತ್ತಿ ಆರಿದೆಯೋ ಒಳಗೊಳಗೇ ಉರಿಯುತ್ತಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಕೀಲಿ ನಮ್ಮ ಜೇಬಿನಲ್ಲಿದ್ದರೆ ತಂತಿಗೆ ವಿದ್ಯುತ್ತು ಬರುವ ದಾರಿಯೇ ಇಲ್ಲ.

ಹತ್ತನೇ ತರಗತಿಗೆ ವಿದ್ಯುನ್ಮಂಡಲದ ಪಾಠ ಮಾಡುವಾಗ ಬೋರ್ಡಿನ ಮೇಲೆ ಈ ಚಿತ್ರವನ್ನೇ ಬರೆಯುತ್ತೇನೆ. ಹೋದ ದೀಪಾವಳಿಗೆ ಬಂದ ತಮ್ಮನಿಗೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಬೆರಳು ಹುಬ್ಬಿನ ಕೆಳಗೆ ಹೋಯಿತು.

"ಅಕ್ಕಾ, ಅವತ್ತು ನಾನು ಹತ್ತೂ ಎಣಿಸಿರಲಿಲ್ಲ" ಎಂದ.