ಹಸಿರೋ, ದೂರವೋ? ರೋಜರ್ ಉಲ್ರಿಚ್ ಅವರ ಆಸ್ಪತ್ರೆ ಕಿಟಕಿಯ ಅಧ್ಯಯನ: ಒಂದು ಮರುಪರಿಶೀಲನೆ

ಒಳಾಂಗಣವು ಅದರೊಳಗೆ ಇರುವವರ ಮೈಮನಸ್ಸಿನ ಮೇಲೆ ಬೀರುವ ಪರಿಣಾಮದ ಚರ್ಚೆ ಎಲ್ಲೇ ನಡೆಯಲಿ, ಒಂದು ಲೇಖನದ ಹೆಸರು ಬಂದೇ ಬರುತ್ತದೆ. ಅದು ರೋಜರ್ ಉಲ್ರಿಚ್ ಅವರು 1984ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಎರಡು ಪುಟಗಳ ಬರಹ. ಕಿಟಕಿಯಾಚೆ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದ ರೋಗಿಗಳಿಗಿಂತ ಬೇಗ ಚೇತರಿಸಿಕೊಂಡರು ಎಂಬುದು ಅದರ ಸಾರ. ನಂತರದ ದಶಕಗಳಲ್ಲಿ ಈ ಸಾರವು ‘ಹಸಿರು ಕಂಡರೆ ರೋಗ ಬೇಗ ವಾಸಿಯಾಗುತ್ತದೆ’ ಎಂಬ ಸೂತ್ರದ ರೂಪ ತಾಳಿತು. ಆಸ್ಪತ್ರೆಯ ಗೋಡೆಗೆ ಕಾಡಿನ ಚಿತ್ರ ತೂಗುಹಾಕುವವರೂ ಇದೇ ಅಧ್ಯಯನವನ್ನು ಆಧಾರವಾಗಿ ತೋರಿಸುತ್ತಾರೆ. ಉಲ್ರಿಚ್ ಅವರ ದತ್ತಾಂಶ ಅಷ್ಟು ದೂರ ಹೋಗುವುದಿಲ್ಲ ಎಂಬುದು ನನ್ನ ವಾದ. ಗೋಡೆಯ ಎದುರು ಮಲಗಿದವರು ಕಳೆದುಕೊಂಡದ್ದು ಹಸಿರನ್ನು ಮಾತ್ರವಲ್ಲ, ದೂರವನ್ನು ಕೂಡ. ಇವೆರಡರಲ್ಲಿ ಯಾವುದರ ಕೊರತೆ ಅವರನ್ನು ಬಾಧಿಸಿತು ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಾರದು.

ಕಿಟಕಿ ರೋಗಿಗೆ ಒಳ್ಳೆಯದು ಎಂಬ ಬಗ್ಗೆ ವಿವಾದವಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಮೊದಲು ಪ್ರಕಟವಾದ ತಮ್ಮ ಶುಶ್ರೂಷೆಯ ಕೈಪಿಡಿಯಲ್ಲಿ ಬೆಳಕಿಗೊಂದು, ವೈವಿಧ್ಯಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟರು. ಎಲ್. ಎಂ. ವಿಲ್ಸನ್ ಅವರು 1972ರಲ್ಲಿ ಎರಡು ತೀವ್ರ ನಿಗಾ ಘಟಕಗಳನ್ನು ಹೋಲಿಸಿದಾಗ, ಕಿಟಕಿಯಿಲ್ಲದ ಘಟಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮತಿಭ್ರಮಣೆಗೆ ಒಳಗಾದವರು ಶೇ. 40ರಷ್ಟು, ಕಿಟಕಿಯಿದ್ದ ಘಟಕದಲ್ಲಿ ಶೇ. 18ರಷ್ಟು ಇದ್ದರು. ಕೆನಡಾದಲ್ಲಿ ಬೋಶ್ಮನ್ ಮತ್ತು ಹೇಸ್ 1996ರಲ್ಲಿ ವರದಿ ಮಾಡಿದಂತೆ, ತೀವ್ರ ಖಿನ್ನತೆಯ ರೋಗಿಗಳಲ್ಲಿ ಬಿಸಿಲು ಬೀಳುವ ಕೊಠಡಿಯವರು ಸರಾಸರಿ ಎರಡೂವರೆ ದಿನ ಮೊದಲೇ ಮನೆಗೆ ಹೋದರು. ಪಿಟ್ಸ್‌ಬರ್ಗ್‌ನಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದವರ ಬಗ್ಗೆ 2005ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹೆಚ್ಚು ಬಿಸಿಲಿನ ಕೊಠಡಿಯವರು ಶೇ. 22ರಷ್ಟು ಕಡಿಮೆ ನೋವುನಿವಾರಕ ತೆಗೆದುಕೊಂಡಿದ್ದರು. ಕಿಟಕಿಯ ಗುಣ ಎಲ್ಲಿದೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ ಹುಟ್ಟುತ್ತದೆ.

ಉಲ್ರಿಚ್ ಅವರ ಅಧ್ಯಯನವನ್ನು ತುಸು ಹತ್ತಿರದಿಂದ ನೋಡೋಣ. ಪೆನ್ಸಿಲ್ವೇನಿಯಾದ ಒಂದು ಉಪನಗರದ ಆಸ್ಪತ್ರೆ. 1972ರಿಂದ 1981ರವರೆಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕಡತಗಳಿಂದ 46 ರೋಗಿಗಳನ್ನು ಆರಿಸಿ 23 ಜೋಡಿಗಳನ್ನಾಗಿ ಮಾಡಲಾಯಿತು. ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳ ಚಿಕ್ಕ ಗುಂಪು, ಇನ್ನೊಬ್ಬರ ಕಿಟಕಿಗೆ ಕಂದು ಇಟ್ಟಿಗೆಯ ಗೋಡೆ. ಜೋಡಿ ಕೂಡಿಸಿದ ಎಚ್ಚರಿಕೆ ಮೆಚ್ಚಬೇಕಾದದ್ದು. ವಯಸ್ಸು, ಲಿಂಗ, ಧೂಮಪಾನ, ಸ್ಥೂಲತೆ, ಮಹಡಿ ಇವೆಲ್ಲ ಹೊಂದುವಂತೆ ನೋಡಿಕೊಂಡರು. ಎರಡನೆಯ ಮಹಡಿಯಲ್ಲಿ ಒಂದು ಕೊಠಡಿಗೆ ನೀಲಿ, ಮುಂದಿನದಕ್ಕೆ ಹಸಿರು ಬಣ್ಣವಿದ್ದುದರಿಂದ ಗೋಡೆಯ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮರಗಳಲ್ಲಿ ಎಲೆಯಿರುವ ಕಾಲವೆಂದು ಮೇ 1ರಿಂದ ಅಕ್ಟೋಬರ್ 20ರವರೆಗಿನ ರೋಗಿಗಳನ್ನಷ್ಟೇ ಪರಿಗಣಿಸಿದರು. ಕಡತಗಳಿಂದ ಮಾಹಿತಿ ತೆಗೆದ ಅನುಭವಿ ನರ್ಸ್‌ಗೆ ಯಾವ ರೋಗಿಗೆ ಯಾವ ನೋಟವಿತ್ತೆಂಬುದು ತಿಳಿದಿರಲಿಲ್ಲ.

ಫಲಿತಾಂಶ ಹೀಗಿತ್ತು: ಮರದ ಕಡೆಯವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನ, ಗೋಡೆಯ ಕಡೆಯವರು 8.70 ದಿನ ಆಸ್ಪತ್ರೆಯಲ್ಲಿದ್ದರು. ರೋಗಿಯ ಅಳಲು, ಕುಗ್ಗುವಿಕೆಗಳ ಬಗ್ಗೆ ನರ್ಸ್‌ಗಳು ಬರೆದಿಟ್ಟ ಟಿಪ್ಪಣಿಗಳು ಗೋಡೆಯ ಕಡೆ ತಲಾ 3.96 ಇದ್ದರೆ ಮರದ ಕಡೆ 1.13 ಇದ್ದವು. ನೋವುನಿವಾರಕಗಳ ವ್ಯತ್ಯಾಸ ಕಂಡದ್ದು ಎರಡನೆಯ ದಿನದಿಂದ ಐದನೆಯ ದಿನದವರೆಗೆ ಮಾತ್ರ. ಮೊದಲು ರೋಗಿಗೆ ಹೊರಗೆ ನೋಡುವ ಸ್ಥಿತಿಯಿರುವುದಿಲ್ಲ, ಕೊನೆಕೊನೆಗೆ ಗಟ್ಟಿ ಔಷಧದ ಅಗತ್ಯವೇ ಇರುವುದಿಲ್ಲ. ನಡುವಿನ ದಿನಗಳಲ್ಲಿ ಪರಿಣಾಮ ಕಂಡಿರುವುದು, ಅದಕ್ಕೂ ನೋಡುವ ಕ್ರಿಯೆಗೂ ನಂಟಿದೆ ಎಂಬ ನಂಬಿಕೆಯನ್ನು ಬಲಪಡಿಸುತ್ತದೆ. ಟಿಪ್ಪಣಿ ಬರೆದವರಿಗೆ ಕಿಟಕಿ ಕಾಣುತ್ತಿತ್ತು, ನಿಜ. ಆದರೆ ಅವರು ಬರೆದದ್ದು ದಿನನಿತ್ಯದ ಕೆಲಸದ ಭಾಗವಾಗಿ, ಯಾರದೋ ಸಿದ್ಧಾಂತಕ್ಕೆ ಪುರಾವೆ ಒದಗಿಸಲು ಅಲ್ಲ. ಆದ್ದರಿಂದ ವ್ಯತ್ಯಾಸ ಇತ್ತೇ ಎಂಬ ಬಗ್ಗೆ ನನಗೆ ತಕರಾರಿಲ್ಲ. ಆ ವ್ಯತ್ಯಾಸಕ್ಕೆ ಕೊಟ್ಟ ಕಾರಣದ ಬಗ್ಗೆ ತಕರಾರಿದೆ.

ಹೋಲಿಕೆಗೆ ಇದ್ದದ್ದು ಎರಡೇ ಸ್ಥಿತಿಗಳು. ಮರವೂ ಅಲ್ಲದ, ಗೋಡೆಯೂ ಅಲ್ಲದ ಮೂರನೆಯ ನೋಟ, ಅಂದರೆ ಬೀದಿ, ಅಂಗಳ ಅಥವಾ ಬರಿಯ ಆಕಾಶ, ಅಲ್ಲಿರಲಿಲ್ಲ. ಹೀಗಿರುವಾಗ ಮರ ಗುಣಪಡಿಸಿತು ಎನ್ನುವುದೂ ಗೋಡೆ ಕೆಡಿಸಿತು ಎನ್ನುವುದೂ ಅದೇ ಅಂಕಿಗಳಿಗೆ ಸಮನಾಗಿ ಹೊಂದುತ್ತವೆ. ಇದನ್ನು ಉಲ್ರಿಚ್ ಅವರೇ ಗುರುತಿಸಿದ್ದರು. ತಮ್ಮ ಫಲಿತಾಂಶವನ್ನು ಎಲ್ಲ ಕಟ್ಟಡ ನೋಟಗಳಿಗೂ ಅನ್ವಯಿಸಬಾರದೆಂದೂ, ಬಹುಕಾಲದಿಂದ ಏಕತಾನತೆಯಲ್ಲಿ ಬಳಲುವ ರೋಗಿಗೆ ಚಟುವಟಿಕೆಯ ಬೀದಿಯೇ ಹೆಚ್ಚು ಹಿತವಾಗಬಹುದೆಂದೂ ಅವರು ಸೂಚಿಸಿದ್ದರು. ಉಲ್ಲೇಖಿಸಿದವರಲ್ಲಿ ಬಹುಮಂದಿ ಈ ಎಚ್ಚರಿಕೆಯನ್ನು ಕೈಬಿಟ್ಟರು.

ಹಾಗಾದರೆ ಗೋಡೆಯ ದೋಷ ಅದರ ಏಕತಾನತೆಯೇ? ನೈಟಿಂಗೇಲ್ ಹಾಗೆಂದೇ ಹೇಳುತ್ತಿದ್ದರೇನೋ. ಆದರೆ ಆ ವಿವರಣೆಯೂ ಸಾಲದು. ಉಲ್ರಿಚ್ ಮತ್ತು ಸಂಗಡಿಗರು ಸ್ವೀಡನ್ನಿನ ಉಪ್ಸಲಾದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ 160 ರೋಗಿಗಳ ಮುಂದೆ ಬೇರೆಬೇರೆ ಚಿತ್ರಗಳನ್ನಿಟ್ಟು 1993ರಲ್ಲಿ ವರದಿ ಮಾಡಿದರು. ತೆರೆದ ನೀರಿನ ದೃಶ್ಯ ಆತಂಕವನ್ನು ತಗ್ಗಿಸಿತು. ಮಬ್ಬಾದ, ದಟ್ಟ ಕಾಡಿನ ದೃಶ್ಯ ಅಷ್ಟು ನೆರವಾಗಲಿಲ್ಲ. ನೇರ ಗೆರೆಗಳ ಅಮೂರ್ತ ಚಿತ್ರ ಎದುರಿಗಿದ್ದವರ ಆತಂಕವಂತೂ ಯಾವ ಚಿತ್ರವೂ ಇಲ್ಲದವರಿಗಿಂತ ಹೆಚ್ಚಾಗಿತ್ತು. ಹಸಿರೊಂದೇ ಸಾಕೆಂದಿದ್ದರೆ ಕಾಡೂ ಅಷ್ಟೇ ನೆರವಾಗಬೇಕಿತ್ತು. ವೈವಿಧ್ಯವೊಂದೇ ಸಾಕೆಂದಿದ್ದರೆ ಅಮೂರ್ತ ಚಿತ್ರ ಬರಿಗೋಡೆಗಿಂತ ಮೇಲಾಗಬೇಕಿತ್ತು. ಎರಡೂ ಆಗಲಿಲ್ಲ. ನೆರವಾದ ಚಿತ್ರಕ್ಕೆ ಉಳಿದವುಗಳಲ್ಲಿ ಇಲ್ಲದ ಒಂದು ಗುಣವಿತ್ತು: ಕಣ್ಣು ದೂರಕ್ಕೆ ಹೋಗಲು ದಾರಿ.

ಪೀಟರ್ ಕಾನ್ ಮತ್ತು ಸಹೋದ್ಯೋಗಿಗಳು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಒಂದು ಕಚೇರಿ ಕೋಣೆಯಲ್ಲಿ ನಿಜವಾದ ಕಿಟಕಿ, ಅದೇ ಹೊರನೋಟವನ್ನು ಆ ಕ್ಷಣಕ್ಕೇ ತೋರಿಸುವ ಪ್ಲಾಸ್ಮಾ ಪರದೆ, ಬರಿಗೋಡೆ ಇವನ್ನು ಹೋಲಿಸಿದರು. ಸಣ್ಣ ಒತ್ತಡದ ನಂತರ ಹೃದಯಬಡಿತ ಹದಕ್ಕೆ ಬರುವುದರಲ್ಲಿ ಕಿಟಕಿ ಗೋಡೆಗಿಂತ ಮುಂದಿತ್ತು. ಪರದೆ ಮಾತ್ರ ಗೋಡೆಗಿಂತ ಮೇಲಾಗಲಿಲ್ಲ. ಪರದೆಯಲ್ಲೂ ಅದೇ ಹಸಿರು, ಅದೇ ಚಲನೆ ಇದ್ದವು. ಇಲ್ಲದ್ದು ಆಳ. ಕಿಟಕಿಯ ಮುಂದೆ ತಲೆ ತುಸು ಹೊರಳಿಸಿದರೆ ಹತ್ತಿರದ್ದೂ ದೂರದ್ದೂ ಬೇರೆಬೇರೆಯಾಗಿ ಸರಿಯುತ್ತವೆ. ಪರದೆಯ ಮುಂದೆ ಹಾಗಾಗುವುದಿಲ್ಲ.

ಇಷ್ಟರ ಆಧಾರದ ಮೇಲೆ ನಾನು ಮುಂದಿಡುವ ಪ್ರಮೇಯ ಇದು: ಉಲ್ರಿಚ್ ಅವರ ಕೊಠಡಿಗಳಲ್ಲಿ ಕೆಲಸ ಮಾಡಿದ ಅಂಶಗಳಲ್ಲಿ ದೂರವೂ ಒಂದು, ಬಹುಶಃ ಹಸಿರಿಗಿಂತ ಮಿಗಿಲಾದದ್ದು. ಈ ಮಾತಿಗೆ ಹಲವು ಮಿತಿಗಳನ್ನು ನಾನೇ ಹಾಕಿಕೊಳ್ಳಬೇಕು. ಉಪ್ಸಲಾದ ಫಲಿತಾಂಶ ಪ್ರಕಟವಾದದ್ದು ಸಮ್ಮೇಳನದ ಸಾರಾಂಶವಾಗಿ. ಚಿತ್ರದಲ್ಲಿ ಕಾಣುವ ದೂರವನ್ನು ಕಿಟಕಿಯಾಚೆಗಿನ ದೂರದೊಂದಿಗೆ ಸಮೀಕರಿಸುವುದು ಪ್ರಶ್ನಾರ್ಹ. ಚಿತ್ರದ ದೂರವೂ ಪರದೆಯ ದೂರದಂತೆ ಚಪ್ಪಟೆಯೇ ಆಗಿದ್ದರೂ ಅದು ನೆರವಾದದ್ದೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಕಾನ್ ಅವರ ಪ್ರಯೋಗದಲ್ಲಿ ಭಾಗವಹಿಸಿದವರು ರೋಗಿಗಳಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಬೆಳಕಿನದು. ಎದುರಿಗೆ ನಿಂತ ಗೋಡೆ ನೋಟವನ್ನು ತಡೆದಂತೆ ಆಕಾಶದ ಬೆಳಕನ್ನೂ ತಡೆಯುತ್ತದೆ. ಪಿಟ್ಸ್‌ಬರ್ಗ್‌ನ ಫಲಿತಾಂಶವನ್ನು ಪಕ್ಕದಲ್ಲಿಟ್ಟು ನೋಡಿದರೆ, 1984ರ ವ್ಯತ್ಯಾಸದ ಒಂದು ಪಾಲು ಬೆಳಕಿಗೇ ಸಲ್ಲಬಹುದು. ಹೀಗಾಗಿ ನನ್ನದು ಸಾಬೀತಾದ ತೀರ್ಮಾನವಲ್ಲ, ಪರೀಕ್ಷೆಗೆ ಒಡ್ಡಬಹುದಾದ ಊಹೆ.

ಆದರೂ ಈ ಊಹೆಯಿಂದ ನಮಗೆ ತಕ್ಷಣದ ಉಪಯೋಗವಿದೆ. ಬೆಂಗಳೂರಿನ 30×40 ಅಡಿ ನಿವೇಶನಗಳ ಓಣಿಗಳಲ್ಲಿ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆಟುಕುವಂತಿರುತ್ತದೆ. ಅಲ್ಲಿ ಮಲಗಿದವರಿಗೆ ಒಂದು ಹೂಕುಂಡ ಇಟ್ಟುಕೊಟ್ಟರೆ ಹಸಿರಿನ ಸೂತ್ರ ಪಾಲನೆಯಾಗುತ್ತದೆ, ಆದರೆ ಕಣ್ಣು ಇನ್ನೂ ಅದೇ ಗೋಡೆಗೆ ಬಡಿಯುತ್ತದೆ. ಜಗಲಿಯಿದ್ದ ಮನೆಗಳಲ್ಲಿ ವಯಸ್ಸಾದವರು ಬೀದಿಗೆ ಮುಖಮಾಡಿ ಕೂರುತ್ತಿದ್ದುದನ್ನೂ ಈ ಬೆಳಕಿನಲ್ಲಿ ನೋಡಬಹುದು. ಆ ಬೀದಿಯಲ್ಲಿ ಹಸಿರು ಇತ್ತೋ ಇಲ್ಲವೋ, ದೂರವಂತೂ ಇತ್ತು, ಹೋಗಿಬರುವ ಜನರಿದ್ದರು. ನಮ್ಮ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನ ಸ್ಥಿತಿ ಇನ್ನೊಂದು ಬಗೆಯದು. ಪೆನ್ಸಿಲ್ವೇನಿಯಾದಲ್ಲಿದ್ದುದು ಇಬ್ಬರು ರೋಗಿಗಳ ಕೊಠಡಿ. ಇಲ್ಲಿ ಸಾಲು ಹಾಸಿಗೆಗಳು, ಪಕ್ಕದಲ್ಲಿ ಮನೆಯವರು, ದಿನವಿಡೀ ಓಡಾಟ. ಕಿಟಕಿಯ ಹೊರಗೆ ಸಿಗದ ದೂರ ವಾರ್ಡಿನ ಉದ್ದದಲ್ಲೇ ಸಿಗಬಹುದೇ, ಅಥವಾ ಆ ಗದ್ದಲ ಇನ್ನಷ್ಟು ಬಳಲಿಸುತ್ತದೆಯೇ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಅಂಕಿಗಳು ಉತ್ತರ ಕೊಡಲಾರವು.

ಬೆಳಕನ್ನು ಅಳೆದು, ಹಸಿರು, ಬೀದಿ, ಬರಿ ಆಕಾಶ, ಗೋಡೆ ಎಂಬ ನಾಲ್ಕು ನೋಟಗಳನ್ನು ಒಂದೇ ಆಸ್ಪತ್ರೆಯಲ್ಲಿ ಹೋಲಿಸುವ ಅಧ್ಯಯನ ಬೇಕು. ಅದಕ್ಕೆ ಬೇಕಾದ ಕಡತಗಳೂ ಕಿಟಕಿಗಳೂ ನಮ್ಮ ಆಸ್ಪತ್ರೆಗಳಲ್ಲಿವೆ. ಅಲ್ಲಿಯವರೆಗೆ ವಾರ್ಡಿನ ನಕ್ಷೆ ಬರೆಯುವ ವಾಸ್ತುಶಿಲ್ಪಿಗಳಲ್ಲಿ ಒಂದು ಕೋರಿಕೆ: ಗೋಡೆಗೆ ಯಾವ ಚಿತ್ರವೆಂದು ಯೋಚಿಸುವ ಮೊದಲು, ದಿಂಬಿನ ಮೇಲೆ ತಲೆಯಿಟ್ಟವರ ಕಣ್ಣು ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಅಳೆದು ನಮೂದಿಸಿರಿ.