1938ರ ಡಿಸೆಂಬರ್: ಯುರೇನಿಯಂ ಒಡೆದ ತಿಂಗಳು

1938ರ ಡಿಸೆಂಬರ್ 2ರಂದು ಇಂಗ್ಲೆಂಡಿನ ಹಾರ್ವಿಚ್ ಬಂದರಿನಲ್ಲಿ ಸುಮಾರು ಇನ್ನೂರು ಮಕ್ಕಳು ಹಡಗಿನಿಂದ ಇಳಿದರು. ಹಿಟ್ಲರನ ಜರ್ಮನಿಯಿಂದ ಹೀಗೆ ಪಾರಾಗಿ ಬಂದ ಮಕ್ಕಳ ಮೊದಲ ತಂಡ ಅದು. 10ರಂದು ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇಟಲಿಯ ಎನ್ರಿಕೊ ಫರ್ಮಿ ಮತ್ತೆ ರೋಮ್‌ಗೆ ಹೋಗದೆ ಅಮೆರಿಕದ ದಾರಿ ಹಿಡಿದರು. 17ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿಯ ಮೊದಲ ಸಭೆ ಸೇರಿತು. ನೆಹರೂ ಅಧ್ಯಕ್ಷರು; ಸದಸ್ಯರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ, ಭೌತವಿಜ್ಞಾನಿ ಮೇಘನಾದ ಸಹಾ ಇದ್ದರು. ಕ್ರಿಸ್ಮಸ್‌ಗೆ ಎರಡು ಮೂರು ದಿನ ಮುಂಚೆ ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಬಂದರಿನಲ್ಲಿ, ಅಲ್ಲಿನ ವಸ್ತುಸಂಗ್ರಹಾಲಯದ ಯುವ ಅಧಿಕಾರಿಣಿ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್, ಬಲೆಗೆ ಬಿದ್ದ ಮೀನುಗಳ ರಾಶಿಯಲ್ಲಿ ನೀಲಿ ಬಣ್ಣದ ಒಂದು ವಿಚಿತ್ರ ಮೀನನ್ನು ಕಂಡರು. ಆರೇಳು ಕೋಟಿ ವರ್ಷಗಳ ಹಿಂದೆಯೇ ನಿರ್ನಾಮವಾಗಿದೆ ಎಂದು ಎಲ್ಲರೂ ನಂಬಿದ್ದ ಸೀಲಕ್ಯಾಂತ್ ಅದು. 25ರಂದು ಪ್ರಾಗ್‌ನಲ್ಲಿ ಲೇಖಕ ಕಾರೆಲ್ ಚಾಪೆಕ್ ತೀರಿಕೊಂಡರು. ‘ರೋಬೋಟ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟ ಈ ಲೇಖಕ, 1920ರ ದಶಕದಲ್ಲೇ ‘ಕ್ರಕಾತಿತ್’ ಎಂಬ ಕಾದಂಬರಿಯಲ್ಲಿ ಊಹೆಗೆ ಮೀರಿದ ಸ್ಫೋಟಕವೊಂದರ ಕತೆ ಬರೆದಿದ್ದರು.

ಹುಟ್ಟಿದವರೂ ಹೆಸರಾದವರೇ. 16ರಂದು ಟೋಕಿಯೊದಲ್ಲಿ ನಟಿ ಲಿವ್ ಉಲ್ಮನ್, 29ರಂದು ನ್ಯೂಯಾರ್ಕ್ ರಾಜ್ಯದಲ್ಲಿ ನಟ ಜಾನ್ ವಾಯ್ಟ್. ನಡುವೆ 23ರಂದು ನ್ಯೂಯಾರ್ಕ್ ನಗರದಲ್ಲಿ ರಾಬರ್ಟ್ ಕಾನ್. ಇಂದಿನ ಇಂಟರ್‌ನೆಟ್ಟಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳನ್ನು ವಿಂಟ್ ಸರ್ಫ್ ಜೊತೆಗೂಡಿ ರೂಪಿಸಿದವರು ಇವರು.

ಆದರೆ ಆ ತಿಂಗಳು ನಡೆದವುಗಳಲ್ಲಿ ಎಲ್ಲಕ್ಕಿಂತ ದೂರ ಹೋಗಿ ಮುಟ್ಟಿದ ಸಂಗತಿ ಅಂದಿನ ಪತ್ರಿಕೆಗಳಲ್ಲಿ ಸುದ್ದಿಯಾಗಲಿಲ್ಲ. ಬರ್ಲಿನ್ನಿನ ಡಾಲೆಮ್ ಬಡಾವಣೆಯ ಕೈಸರ್ ವಿಲ್‌ಹೆಲ್ಮ್ ರಸಾಯನ ಸಂಸ್ಥೆಯಲ್ಲಿ ಆಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಎಂಬ ರಸಾಯನ ವಿಜ್ಞಾನಿಗಳು, ಯುರೇನಿಯಂ ಪರಮಾಣು ಹೋಳಾಗಿದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷ್ಯ ಕಂಡರು. ಅದರ ಅರ್ಥ ಬಿಡಿಸಿ ಹೇಳಿದವರು, ಅದೇ ತಿಂಗಳ ಕೊನೆಯ ವಾರ ಸ್ವೀಡನ್ನಿನ ಹಿಮದಲ್ಲಿ ನಡೆಯಲು ಹೊರಟಿದ್ದ ಲಿಸೆ ಮೈಟ್ನರ್ ಮತ್ತು ಅವರ ಅಕ್ಕನ ಮಗ ಆಟೊ ಫ್ರಿಶ್. ಬೈಜಿಕ ವಿಜ್ಞಾನದ ಚರಿತ್ರೆಯಲ್ಲಿ ಆ ತಿಂಗಳಿನ ಹಿಂದೆ ಆರು ವರ್ಷಗಳ ತಡಕಾಟವಿದೆ, ಮುಂದೆ ನಾವು ಇಂದಿಗೂ ಬಾಳುತ್ತಿರುವ ಕಾಲವಿದೆ.

ಮೊದಲು ಹಿಂದಿನದು. 1932ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಅದಕ್ಕೆ ವಿದ್ಯುದಂಶ ಇಲ್ಲ. ಹಾಗಾಗಿ ಪರಮಾಣುವಿನ ನ್ಯೂಕ್ಲಿಯಸ್ ಅದನ್ನು ದೂರ ತಳ್ಳುವುದಿಲ್ಲ. ಎಷ್ಟೇ ಭಾರದ ನ್ಯೂಕ್ಲಿಯಸ್ ಆದರೂ ನ್ಯೂಟ್ರಾನ್ ಸಲೀಸಾಗಿ ಒಳಹೊಗುತ್ತದೆ. 1934ರ ಆರಂಭದಲ್ಲಿ ಪ್ಯಾರಿಸ್ಸಿನ ಐರೀನ್ ಕ್ಯೂರಿ ಮತ್ತು ಫ್ರೆಡೆರಿಕ್ ಜೋಲಿಯೊ ದಂಪತಿ ಕೃತಕ ವಿಕಿರಣ ಧಾತುಗಳನ್ನು ತಯಾರಿಸಿ ತೋರಿಸಿದರು. ಇವೆರಡನ್ನೂ ಕೂಡಿಸಿದವರು ರೋಮ್‌ನ ಫರ್ಮಿ. ಅವರ ತಂಡ ಧಾತುಗಳ ಪಟ್ಟಿ ಹಿಡಿದು ಒಂದೊಂದಕ್ಕೂ ನ್ಯೂಟ್ರಾನ್ ಹೊಡೆಯುತ್ತ ಹೋಯಿತು. ಕೊನೆಗೆ 92ನೆಯದಾದ ಯುರೇನಿಯಂಗೆ ಬಂದಾಗ ಹೊಸ ವಿಕಿರಣ ವಸ್ತುಗಳು ಕಂಡವು. 93, 94ನೆಯ ಹೊಸ ಧಾತುಗಳೇ ಹುಟ್ಟಿವೆ ಎಂದು ಅವರು ಭಾವಿಸಿದರು. ಸಣ್ಣ ಕಣ ಹೊಡೆದರೆ ನ್ಯೂಕ್ಲಿಯಸ್ಸಿನಿಂದ ಒಂದೆರಡು ಚೂರು ಹಾರಬಹುದು, ಇಡೀ ನ್ಯೂಕ್ಲಿಯಸ್ ಇಬ್ಭಾಗವಾಗುವುದೆಂದರೆ ಆಗದ ಮಾತು ಎಂಬುದು ಅಂದಿನ ಎಲ್ಲ ಭೌತವಿಜ್ಞಾನಿಗಳ ನಂಬಿಕೆ.

ಒಬ್ಬರು ಮಾತ್ರ ಬೇರೆ ಮಾತಾಡಿದರು. ಜರ್ಮನಿಯ ರಸಾಯನ ವಿಜ್ಞಾನಿ ಇಡಾ ನೋಡಾಕ್, ಫರ್ಮಿಯವರ ತೀರ್ಮಾನ ಅವಸರದ್ದು, ನ್ಯೂಕ್ಲಿಯಸ್ ಹಲವು ದೊಡ್ಡ ಹೋಳುಗಳಾಗಿ ಒಡೆದಿರಲೂಬಹುದು ಎಂದು 1934ರಲ್ಲೇ ಬರೆದರು. ಯಾರೂ ಕಿವಿಗೊಡಲಿಲ್ಲ. ಅವರೂ ಪ್ರಯೋಗ ಮಾಡಿ ತೋರಿಸಲಿಲ್ಲ. ಅತ್ತ ರೋಮ್‌ನಲ್ಲಿ, ಯುರೇನಿಯಂನ ಸಹಜ ವಿಕಿರಣ ಅಡ್ಡಬಾರದಿರಲೆಂದು ಮಾದರಿಗೆ ತೆಳು ಅಲ್ಯುಮಿನಿಯಂ ಹಾಳೆ ಹೊದಿಸಿ ಅಳೆಯುತ್ತಿದ್ದರು. ಒಡೆದ ಹೋಳುಗಳು ಚಿಮ್ಮಿದ್ದರೂ ಆ ಹಾಳೆಯನ್ನು ದಾಟಿ ಬರುವಂತಿರಲಿಲ್ಲ. ಆ ಹಾಳೆ ಇಲ್ಲದಿದ್ದರೆ ಗುಟ್ಟು 1930ರ ದಶಕದ ನಡುವಿನಲ್ಲೇ, ಮುಸೊಲಿನಿಯ ಇಟಲಿಯಲ್ಲೇ ಹೊರಬೀಳುತ್ತಿತ್ತೇನೋ. ತಡವಾದದ್ದು ಜಗತ್ತಿನ ಪುಣ್ಯ ಎಂದೇ ನನಗನ್ನಿಸುತ್ತದೆ.

ಬರ್ಲಿನ್ನಿನಲ್ಲಿ ಈ ಕೆಲಸಕ್ಕೆ ಚಾಲನೆ ಕೊಟ್ಟವರು ಮೈಟ್ನರ್. ವಿಯೆನ್ನಾದ ಯಹೂದಿ ಮನೆತನದಲ್ಲಿ 1878ರಲ್ಲಿ ಹುಟ್ಟಿ, 1907ರಲ್ಲಿ ಬರ್ಲಿನ್ನಿಗೆ ಬಂದು, ಮೂವತ್ತು ವರ್ಷ ಹಾನ್ ಜೊತೆ ದುಡಿದವರು. ಅವರು ಭೌತಶಾಸ್ತ್ರದ ಕಡೆಯವರು, ಹಾನ್ ರಸಾಯನದ ಕಡೆಯವರು. ಫರ್ಮಿಯವರ ಪ್ರಯೋಗಗಳನ್ನು ಓದಿ, ನಾವೂ ಯುರೇನಿಯಂ ಹಿಡಿಯೋಣ ಎಂದು ಹಾನ್ ಅವರನ್ನು ಒಪ್ಪಿಸಿದವರು ಅವರೇ. ಬಳಿಕ ಸ್ಟ್ರಾಸ್‌ಮನ್ ಕೂಡಿಕೊಂಡರು. ನಾತ್ಸಿಗಳ ಹಿಡಿತದಲ್ಲಿದ್ದ ವೃತ್ತಿಸಂಘಕ್ಕೆ ಸೇರಲೊಪ್ಪದೆ ನೌಕರಿಯ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡಿದ್ದ ಮನುಷ್ಯ ಅವರು. ಯುದ್ಧಕಾಲದಲ್ಲಿ ಯಹೂದಿ ಮಹಿಳೆಯೊಬ್ಬರನ್ನು ತಮ್ಮ ಮನೆಯಲ್ಲೇ ಬಚ್ಚಿಟ್ಟು ಕಾಪಾಡಿದರು.

1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ. ಆಸ್ಟ್ರಿಯದ ಪ್ರಜೆ ಎಂಬ ರಕ್ಷೆ ಮೈಟ್ನರ್‌ಗೆ ತಪ್ಪಿಹೋಯಿತು. ಜುಲೈ 13ರಂದು, ಡಚ್ ಭೌತವಿಜ್ಞಾನಿ ಡಿರ್ಕ್ ಕೋಸ್ಟರ್ ನೆರವಿನಿಂದ, ರೈಲಿನಲ್ಲಿ ಗುಟ್ಟಾಗಿ ನೆದರ್ಲೆಂಡ್ಸ್ ಗಡಿ ದಾಟಿದರು. ಚೀಲದಲ್ಲಿ ಹತ್ತು ಮಾರ್ಕ್ ಹಣ. ಕಾವಲಿನವರಿಗೆ ಕೊಡಬೇಕಾಗಿ ಬಂದರೆ ಇರಲೆಂದು ಹಾನ್ ಕೊಟ್ಟ ಅವರ ತಾಯಿಯ ವಜ್ರದುಂಗುರ. ಅರುವತ್ತರ ಹೊಸ್ತಿಲಲ್ಲಿ, ತನ್ನದೆನ್ನುವ ಪ್ರಯೋಗಾಲಯವಾಗಲಿ ಸಹಾಯಕರಾಗಲಿ ಇಲ್ಲದೆ ಸ್ಟಾಕ್‌ಹೋಮ್‌ನಲ್ಲಿ ನೆಲೆ ನಿಂತರು. ಬರ್ಲಿನ್ನಿನ ಜೊತೆಗೆ ಉಳಿದದ್ದು ಕಾಗದದ ನಂಟು ಮಾತ್ರ. ನವೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾನ್ ಅವರನ್ನು ಭೇಟಿಯಾದಾಗ, ನಿಮ್ಮ ಫಲಿತಾಂಶ ಭೌತಶಾಸ್ತ್ರಕ್ಕೆ ಹೊಂದುವುದಿಲ್ಲ, ಮತ್ತೊಮ್ಮೆ ಕಟ್ಟುನಿಟ್ಟಾಗಿ ಪರೀಕ್ಷಿಸಿ ಎಂದು ಒತ್ತಾಯ ಮಾಡಿದರು. ಡಿಸೆಂಬರಿನ ಪ್ರಯೋಗಕ್ಕೆ ಆ ಒತ್ತಾಯವೇ ಕಾರಣ.

ಆ ಪ್ರಯೋಗವನ್ನು ತುಸು ಹತ್ತಿರದಿಂದ ನೋಡಬೇಕು. ಯುರೇನಿಯಂ ಮಾದರಿಯನ್ನು ಪ್ಯಾರಫಿನ್ ಮೇಣದ ದಿಮ್ಮಿಯೊಳಗೆ, ರೇಡಿಯಂ ಮತ್ತು ಬೆರಿಲಿಯಂ ಬೆರೆಸಿದ ನ್ಯೂಟ್ರಾನ್ ಆಕರದ ಪಕ್ಕದಲ್ಲಿಡುತ್ತಿದ್ದರು. ಮೇಣ ನ್ಯೂಟ್ರಾನುಗಳ ವೇಗ ತಗ್ಗಿಸುತ್ತದೆ. ಬಳಿಕ ಮಾದರಿಯನ್ನು ಇನ್ನೊಂದು ಕೋಣೆಗೆ ಒಯ್ದು ದ್ರಾವಣ ಮಾಡಿ, ಅದಕ್ಕೆ ಬೇರಿಯಂ ಲವಣ ಸೇರಿಸುತ್ತಿದ್ದರು. ಹುಟ್ಟಿದ ವಿಕಿರಣ ವಸ್ತು ಕಣ್ಣಿಗೆ ಕಾಣದಷ್ಟು ಅಲ್ಪ. ಬೇರಿಯಂ ಹರಳುಗಟ್ಟುವಾಗ ಅದನ್ನೂ ಜೊತೆಗೆ ಎಳೆದುಕೊಂಡು ತಳಕ್ಕಿಳಿಯುತ್ತದೆ. ಮೂರನೆಯ ಕೋಣೆಯಲ್ಲಿ ಗೈಗರ್ ಎಣಿಕೆಯಂತ್ರ. ಬೇರಿಯಂ ಜೊತೆ ಇಳಿಯುವ ವಸ್ತು ರೇಡಿಯಂ ಆಗಿರಬೇಕೆಂದು ಅವರ ಎಣಿಕೆ, ಯಾಕೆಂದರೆ ಎರಡರ ರಸಾಯನ ಗುಣ ಒಂದೇ ಬಗೆಯದು. ರೇಡಿಯಂ ಆಗಿದ್ದರೆ, ಮೇರಿ ಕ್ಯೂರಿ ತೋರಿಸಿಕೊಟ್ಟ ದಾರಿಯಲ್ಲಿ ಮತ್ತೆ ಮತ್ತೆ ಹರಳುಗಟ್ಟಿಸಿ ಬೇರಿಯಂನಿಂದ ಅದನ್ನು ಬಿಡಿಸಬಹುದು. ಹಾಗೆಯೇ ಮಾಡಿದರು. ಬಿಡಲಿಲ್ಲ. ವಿಧಾನದಲ್ಲೇ ದೋಷವಿದೆಯೇ ಎಂದು ನಿಜವಾದ ರೇಡಿಯಂ ಐಸೊಟೋಪನ್ನು ಅಷ್ಟೇ ಅಲ್ಪ ಪ್ರಮಾಣದಲ್ಲಿ ಬೆರೆಸಿ ನೋಡಿದರು. ಅದು ಚೊಕ್ಕಟವಾಗಿ ಬೇರೆಯಾಯಿತು. ಯುರೇನಿಯಂನಿಂದ ಬಂದದ್ದು ಬೇರಿಯಂಗೇ ಅಂಟಿಕೊಂಡಿತು. ಅಂದರೆ ಅದು ಬೇರಿಯಂ. 92ನೆಯ ಧಾತುವಿನಿಂದ 56ನೆಯ ಧಾತು!

ಈ ನಿರ್ಣಾಯಕ ಪರೀಕ್ಷೆ ನಡೆದದ್ದು ಡಿಸೆಂಬರ್ 17ರಂದು, ಮುಂಬಯಿಯಲ್ಲಿ ಯೋಜನಾ ಸಮಿತಿ ಸೇರಿದ ದಿನವೇ. 19ರ ರಾತ್ರಿ ಹಾನ್ ಮೈಟ್ನರ್‌ಗೆ ಕಾಗದ ಬರೆದು, ಇದಕ್ಕೆ ನೀವೇನಾದರೂ ವಿವರಣೆ ಹುಡುಕಬಲ್ಲಿರಾ ಎಂದು ಕೇಳಿದರು. ಉತ್ತರಕ್ಕೆ ಕಾಯದೆ 22ರಂದು ಪ್ರಬಂಧವನ್ನು ಪ್ರಕಟಣೆಗೆ ಕೊಟ್ಟರು. ದೇಶ ಬಿಟ್ಟುಹೋದ ಯಹೂದಿ ಹೆಂಗಸಿನ ಹೆಸರನ್ನು ಅದರಲ್ಲಿ ಹಾಕುವುದು ಹಿಟ್ಲರನ ಜರ್ಮನಿಯಲ್ಲಿ ಸಾಧ್ಯವಿರಲಿಲ್ಲ.

ಮೈಟ್ನರ್ ಕ್ರಿಸ್ಮಸ್ ರಜೆಗೆ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಕುಂಗೆಲ್ವ್ ಎಂಬ ಪುಟ್ಟ ಊರಿಗೆ, ಗೆಳತಿಯ ಮನೆಗೆ ಬಂದಿದ್ದರು. ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದ ಫ್ರಿಶ್ ಕೂಡ ಬಂದರು. ಅವರೂ ದೇಶ ಕಳೆದುಕೊಂಡವರೇ. ಚಿಕ್ಕಮ್ಮ ಆ ಕಾಗದವನ್ನು ಮುಂದಿಟ್ಟರು. ಹಾನ್ ತಪ್ಪು ಮಾಡಿರಬೇಕು ಎಂದರು ಫ್ರಿಶ್. ಹಾನ್ ಅಂಥ ತಪ್ಪು ಮಾಡುವವರಲ್ಲ ಎಂದರು ಮೈಟ್ನರ್. ಇಬ್ಬರೂ ಹಿಮದಲ್ಲಿ ಹೊರಟರು, ಫ್ರಿಶ್ ಸ್ಕೀ ಕಟ್ಟಿಕೊಂಡು, ಮೈಟ್ನರ್ ಬರಿಯ ಕಾಲ್ನಡಿಗೆಯಲ್ಲೇ ಅವರಿಗೆ ಸಮಸಮವಾಗಿ. ನ್ಯೂಕ್ಲಿಯಸ್ ಗಟ್ಟಿ ಗುಂಡಲ್ಲ, ನೀರಿನ ಹನಿಯ ಹಾಗೆ ಎಂಬ ಬೋರ್ ಅವರ ಕಲ್ಪನೆ ಇಬ್ಬರಿಗೂ ಗೊತ್ತಿತ್ತು. ಭಾರೀ ನ್ಯೂಕ್ಲಿಯಸ್ಸಿನೊಳಗಿನ ವಿದ್ಯುದಂಶಗಳ ವಿಕರ್ಷಣೆ ಆ ಹನಿಯ ಮೇಲ್ಮೈ ಬಿಗಿತವನ್ನು ಬಹುಮಟ್ಟಿಗೆ ಅಳಿಸಿಬಿಟ್ಟಿರುತ್ತದೆ. ಅಂಥ ಹನಿ ಚೂರು ಅಲುಗಿದರೂ ಸಾಕು, ನಡು ಸಣ್ಣಗಾಗಿ ಎರಡಾಗಿಬಿಡುತ್ತದೆ. ಬಿದ್ದ ಮರದ ದಿಮ್ಮಿಯ ಮೇಲೆ ಕೂತು ಕಾಗದದ ಚೂರುಗಳ ಮೇಲೆ ಲೆಕ್ಕ ಹಾಕಿದರು. ಬೇರಿಯಂ 56, ಕ್ರಿಪ್ಟಾನ್ 36; ಕೂಡಿದರೆ 92. ಎರಡು ಹೋಳುಗಳು ಪರಸ್ಪರ ತಳ್ಳಿಕೊಂಡು ಸಿಡಿಯುವಾಗಿನ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಎಲ್ಲಿಂದ? ಹೋಳುಗಳ ಒಟ್ಟು ತೂಕ ಒಂದು ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ಕಡಿಮೆ ಬರುತ್ತದೆಂದು ಮೈಟ್ನರ್ ನೆನಪಿನಿಂದಲೇ ಲೆಕ್ಕ ಒಪ್ಪಿಸಿದರು. ಐನ್‌ಸ್ಟೈನ್ ಸೂತ್ರಕ್ಕೆ ಹಾಕಿದರೆ ಉತ್ತರ ಅದೇ 20 ಕೋಟಿ. ಇದ್ದಿಲಿನ ಒಂದು ಪರಮಾಣು ಉರಿದರೆ ಸಿಗುವುದು ನಾಲ್ಕು ಎಲೆಕ್ಟ್ರಾನ್ ವೋಲ್ಟ್ ಅಷ್ಟೆ.

ಮುಂದಿನದು ಬಿರುಸಾಗಿ ನಡೆಯಿತು. ಫ್ರಿಶ್ ಜನವರಿಯಲ್ಲಿ ಪ್ರಯೋಗ ಮಾಡಿ ಹೋಳುಗಳ ಸಿಡಿತವನ್ನು ನೇರವಾಗಿ ಅಳೆದರು. ಜೀವಕೋಶದ ವಿಭಜನೆಯನ್ನು ಜೀವವಿಜ್ಞಾನಿಗಳು ಏನೆನ್ನುತ್ತಾರೆಂದು ಕೇಳಿಕೊಂಡು ಅದೇ ಹೆಸರನ್ನು ಇದಕ್ಕೂ ಇಟ್ಟರು. ನಮ್ಮ ಪುಸ್ತಕಗಳಲ್ಲಿ ಅದು ‘ವಿದಳನ’. ಬೋರ್ ಸುದ್ದಿಯನ್ನು ಅಮೆರಿಕಕ್ಕೆ ಒಯ್ದರು. ಫರ್ಮಿ ತಮ್ಮ ನೊಬೆಲ್ ಭಾಷಣದ ಮುದ್ರಿತ ಪ್ರತಿಗೆ, ಬರ್ಲಿನ್ನಿನ ಶೋಧದಿಂದ ತಮ್ಮ ‘ಹೊಸ ಧಾತು’ಗಳನ್ನು ಮರುಪರಿಶೀಲಿಸಬೇಕಾಗಿದೆ ಎಂದು ಅಡಿಟಿಪ್ಪಣಿ ಸೇರಿಸಿದರು. ದೊಡ್ಡವರ ನಡತೆ ಅದು. ಒಂದು ವಿದಳನದಿಂದ ಹೊರಬರುವ ಎರಡು ಮೂರು ನ್ಯೂಟ್ರಾನುಗಳು ಮತ್ತಷ್ಟು ಪರಮಾಣುಗಳನ್ನು ಒಡೆಯಬಲ್ಲವು ಎಂಬುದು 1939ರ ವಸಂತದೊಳಗೆ ಖಚಿತವಾಯಿತು. ಬೋರ್ ಮತ್ತು ಜಾನ್ ವೀಲರ್ ಬರೆದ ವಿದಳನ ಸಿದ್ಧಾಂತ ಅಚ್ಚಾದದ್ದು ಸೆಪ್ಟೆಂಬರ್ 1ರಂದು, ಹಿಟ್ಲರ್ ಪೋಲೆಂಡಿಗೆ ನುಗ್ಗಿದ ದಿನ. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಫರ್ಮಿ ಮೊದಲ ನಿಯಂತ್ರಿತ ಸರಪಳಿ ಕ್ರಿಯೆ ನಡೆಸಿದರು. 1945ರ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ. ಬಾಂಬಿನ ಯೋಜನೆಗೆ ಬಂದ ಕರೆಯನ್ನು ಮೈಟ್ನರ್ ನಿರಾಕರಿಸಿದ್ದರು. 1951ರ ಡಿಸೆಂಬರಿನಲ್ಲಿ ಅಮೆರಿಕದ ಐಡಾಹೊದ ರಿಯಾಕ್ಟರ್ ನಾಲ್ಕು ಬಲ್ಬುಗಳನ್ನು ಬೆಳಗಿಸಿತು; ಅಣುವಿದ್ಯುತ್ತಿನ ಶುರು ಅದು.

ಈ ಚರಿತ್ರೆಯ ಒಂದು ಕವಲು ಬೆಂಗಳೂರಿಗೂ ಬರುತ್ತದೆ. ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿಭಾಗ ಸೇರಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೆಲಸ ಆರಂಭಿಸಿದ್ದೂ ಆ ಆವರಣದಲ್ಲೇ. ಮುಂಬಯಿಗೆ ಹೋದದ್ದು ಆಮೇಲೆ. 1956ರ ಆಗಸ್ಟಿನಲ್ಲಿ ಟ್ರಾಂಬೆಯ ‘ಅಪ್ಸರಾ’ ರಿಯಾಕ್ಟರ್ ಚಾಲೂ ಆಯಿತು. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ವಿದಳನದ ಭೌತಶಾಸ್ತ್ರದಲ್ಲೇ ಸಂಶೋಧನೆ ನಡೆಸಿದವರು. 1974ರ ಪೋಖ್ರಾನ್ ಸ್ಫೋಟದ ತಂಡವನ್ನು ಮುನ್ನಡೆಸಿದವರು. ಉತ್ತರ ಕನ್ನಡದ ಕೈಗಾದಲ್ಲಿ ಸ್ಥಾವರಕ್ಕೆ ಕೈಹಾಕಿದಾಗ ಶಿವರಾಮ ಕಾರಂತರು ಕಾಡಿನ, ಕಾಳೀ ನದಿಯ ಪರವಾಗಿ ಎದ್ದುನಿಂತರು. ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೂ ನಿಂತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. ಅದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆ ಕಾಲಕ್ಕೆ ವಿಶ್ವದಾಖಲೆ ಮಾಡಿತು. ಕಾರಂತರ ಆತಂಕ, ಆ ಸಿಬ್ಬಂದಿಯ ಕೌಶಲ ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ನ್ಯಾಯದ ಮಾತು ಬಂದಾಗ ಮತ್ತೆ ಮೈಟ್ನರ್ ಹೆಸರು ಬರಲೇಬೇಕು. 1944ರ ರಸಾಯನ ನೊಬೆಲ್ ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್ ಹೆಸರು ನಲವತ್ತಕ್ಕೂ ಹೆಚ್ಚು ಬಾರಿ ಸೂಚಿತವಾಗಿಯೂ ಪ್ರಶಸ್ತಿ ಬರಲಿಲ್ಲ. ಸ್ಟ್ರಾಸ್‌ಮನ್, ಫ್ರಿಶ್ ಅವರಿಗೂ ಇಲ್ಲ. ಯುದ್ಧದ ನಂತರ ಹಾನ್ ಇದನ್ನು ರಸಾಯನಶಾಸ್ತ್ರದ ಗೆಲುವೆಂದೇ ಹೇಳುತ್ತ ಬಂದರು. ಮ್ಯೂನಿಕ್ ವಸ್ತುಸಂಗ್ರಹಾಲಯದಲ್ಲಿ ಆ ಉಪಕರಣಗಳನ್ನಿಟ್ಟ ಮೇಜು ಬಹುಕಾಲ ಅವರೊಬ್ಬರ ಹೆಸರಿನಲ್ಲೇ ಇತ್ತು. ಆ ಡಿಸೆಂಬರಿನ ಸಾಕ್ಷ್ಯ ಇದನ್ನು ಒಪ್ಪುವುದಿಲ್ಲ. ಬೇರಿಯಂ ಅನ್ನು ಗುರುತಿಸಿದ್ದು ರಸಾಯನ, ನಿಜ. ಆದರೆ ಪ್ರಯೋಗಕ್ಕೆ ಹಚ್ಚಿದ್ದು, ಮರುಪರೀಕ್ಷೆಗೆ ಒತ್ತಾಯಿಸಿದ್ದು, ಅರ್ಥ ಹೇಳಿದ್ದು ಮೈಟ್ನರ್. 1997ರಲ್ಲಿ 109ನೆಯ ಧಾತುವಿಗೆ ಮೈಟ್ನೇರಿಯಂ ಎಂಬ ಹೆಸರು ಅಧಿಕೃತವಾಗಿದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ವಿದಳನದ ಪಾಠ ಮಾಡುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ: ಹಾನ್, ಸ್ಟ್ರಾಸ್‌ಮನ್, ಮೈಟ್ನರ್, ಫ್ರಿಶ್, ನಾಲ್ಕೂ ಹೆಸರುಗಳನ್ನು ಒಟ್ಟಿಗೇ ಹೇಳಿಕೊಡಿ.