ಊರಕಾವಲು

ಊರಿಗೆ ಕಾವಲು ಯಾರೆಂಬ ಪ್ರಶ್ನೆಯು ನಮ್ಮ ಹಿಂದಿನವರಿಗೆ ಹೊಸದಲ್ಲ. ತುರುಗೋಳು, ಊರಳಿವುಗಳಲ್ಲಿ ಕಾದಿ ಮಡಿದವರ ವೀರಗಲ್ಲುಗಳನ್ನು ವಾಚಕರು ಹಳ್ಳಿಗಳ ಹೊರಬದಿಯಲ್ಲಿ ಕಂಡೇ ಇರುವರು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುವ ವಾಡಿಕೆಯಿತ್ತು. ತಾನಳಿದರೂ ತನ್ನ ಮಕ್ಕಳು ಅನಾಥರಾಗರೆಂಬ ನಂಬಿಕೆಯಿಲ್ಲದೆ, ಪರರ ದನಗಳಿಗಾಗಿ ಪ್ರಾಣವನ್ನು ತೆರುವವರಾರು?

ನಿತ್ಯದ ಕಾವಲಾದರೋ ಹನ್ನೆರಡು ಆಯಗಾರರಲ್ಲಿ ಇಬ್ಬರ ಪಾಲಿನದು. ತಳವಾರನು ಕಳವು ಮೊದಲಾದ ಅಪರಾಧಗಳ ಸುಳಿವನ್ನರಸುವನು. ದಾರಿಗರನ್ನು ಮುಂದಿನ ಊರಿಗೆ ಕ್ಷೇಮವಾಗಿ ಮುಟ್ಟಿಸುವನು. ತೋಟಿಯು ಪೈರನ್ನು ಕಾಯುವನು, ರಾಶಿಯ ಅಳತೆಗೆ ನೆರವಾಗುವನು. ಇಂಗ್ಲೆಂಡಿನ ಪಾರ್ಲಿಮೆಂಟಿಗೆ 1812ರಲ್ಲಿ ಒಪ್ಪಿಸಿದ ಐದನೆಯ ವರದಿಯಲ್ಲಿಯೂ ಈ ಹಂಚಿಕೆಯೇ ಕಾಣುತ್ತದೆ. ಇವರಿಗೆ ದೊರೆಯುತ್ತಿದ್ದುದು ಕಣದಲ್ಲಿ ಅಳೆದುಕೊಡುವ ಧಾನ್ಯದ ಆಯ, ಇಲ್ಲವೆ ಇನಾಂ ಭೂಮಿ. ಕಾವಲು ಕೆಟ್ಟರೆ ಬೆಳೆ ಕೆಡುವುದು. ಬೆಳೆ ಕೆಟ್ಟರೆ ಕಾವಲುಗಾರನ ಪಾಲೂ ಕೆಡುವುದು. ಜಾಣ ಏರ್ಪಾಡೇ ಸರಿ.

ಆದರೆ ಇದನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ತೋಟಿಯು ಬಹುಕಡೆ ಅಸ್ಪೃಶ್ಯನೆನಿಸಿದವನು. ಎಲ್ಲೆಯ ವ್ಯಾಜ್ಯದಲ್ಲಿ ಅವನ ಮಾತಿಗೆ ಬೆಲೆಯಿತ್ತು; ಬೆಳೆಯನ್ನೆಲ್ಲ ಅವನಿಗೊಪ್ಪಿಸಿ ನಿದ್ರಿಸುತ್ತಿದ್ದ ಊರು ಅವನ ಗುಡಿಸಲನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಈ ವಂಶಪರಂಪರೆಯ ಹುದ್ದೆಗಳು ಕೊನೆಗೊಂಡವು. ಇನಾಂ ಭೂಮಿಯನ್ನು ಹಿಂದಿನ ಹುದ್ದೆದಾರರಿಗೇ ಮರಳಿ ಮಂಜೂರು ಮಾಡಲು ಅದರಲ್ಲಿ ಅವಕಾಶವನ್ನು ಕಲ್ಪಿಸಲಾಯಿತು.